ಅರ್ತಿಂಗ್ ತಂತಿ ಬದಲಿಸಿದರೆ ಎಂಜಿನ್ನಿನ ಶಕ್ತಿ ಹೆಚ್ಚುವುದೇ? ಟ್ರ್ಯಾಕ್ಟರ್ ಮತ್ತು ಪಿಕಪ್ ಹೊಂದಿರುವ ರೈತರಿಗೆ ತಾಂತ್ರಿಕ ಮಾಹಿತಿ

ಪೀಠಿಕೆ

ಚಾಮರಾಜನಗರ ಜಿಲ್ಲೆಯಲ್ಲಿ ಅರಿಶಿನ, ಬಾಳೆ, ಈರುಳ್ಳಿ, ಟೊಮೆಟೊ ಹಾಗೂ ಚೆಂಡುಹೂ ಬೆಳೆಯುವ ರೈತರ ನಿತ್ಯದ ಕೆಲಸ ಟ್ರ್ಯಾಕ್ಟರ್ ಮತ್ತು ಸಣ್ಣ ಸರಕು ವಾಹನಗಳನ್ನು ಅವಲಂಬಿಸಿದೆ. ಗುಂಡ್ಲುಪೇಟೆ ಮತ್ತು ತೆರಕಣಾಂಬಿ ಭಾಗದ ತರಕಾರಿ ಬಂಡೀಪುರ ಅರಣ್ಯದ ರಸ್ತೆಗಳ ಮೂಲಕ ಕೇರಳ ಮತ್ತು ನೀಲಗಿರಿಯ ಕಡೆಗೆ ಸಾಗುತ್ತದೆ. ಈ ರಸ್ತೆಗಳಲ್ಲಿ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಸರಕು ವಾಹನಗಳ ಸಂಚಾರಕ್ಕೆ ನಿರ್ಬಂಧವಿದೆ. ಆದ್ದರಿಂದ ಬೆಳಗಿನ ಹೊತ್ತು ವಾಹನ ಒಂದೇ ಸಲಕ್ಕೆ ಚಾಲೂ ಆಗುವುದು ಹಾಗೂ ಏರಿನಲ್ಲಿ ಹೊರೆ ಎಳೆಯುವುದು ಇಲ್ಲಿನ ರೈತರಿಗೆ ನೇರವಾಗಿ ಆದಾಯದ ವಿಷಯವಾಗಿದೆ.

ಇದೇ ಕಾರಣದಿಂದ, "ದಪ್ಪ ಅರ್ತಿಂಗ್ ತಂತಿ ಹಾಕಿಸಿದರೆ ಎಂಜಿನ್ನಿನ ಎಳೆತ ಹೆಚ್ಚುತ್ತದೆ, ಡೀಸೆಲ್ ಉಳಿಯುತ್ತದೆ" ಎಂಬ ಮಾತು ರೈತರ ಗಮನ ಸೆಳೆಯುತ್ತದೆ. ಬಣ್ಣಬಣ್ಣದ ತಂತಿಗಳ "ಅರ್ತಿಂಗ್ ಕಿಟ್"ಗಳು ಬಿಡಿಭಾಗಗಳ ಅಂಗಡಿಗಳಲ್ಲಿಯೂ ಆನ್‌ಲೈನ್ ಮಳಿಗೆಗಳಲ್ಲಿಯೂ ದೊರೆಯುತ್ತವೆ. ಇವುಗಳನ್ನು ಕೊಳ್ಳುವ ಮೊದಲು ರೈತರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಸಂಕ್ಷಿಪ್ತ ಉತ್ತರ: ಸುಸ್ಥಿತಿಯಲ್ಲಿರುವ ಅರ್ತಿಂಗ್ ತಂತಿಯನ್ನು ತೆಗೆದು ಅದಕ್ಕಿಂತ ದಪ್ಪನೆಯದನ್ನು ಹಾಕುವುದರಿಂದ ಎಂಜಿನ್ನಿನ ಶಕ್ತಿಯಾಗಲಿ, ಇಂಧನ ಉಳಿತಾಯವಾಗಲಿ ಹೆಚ್ಚುವುದಿಲ್ಲ. ಆದರೆ ತುಕ್ಕು ಹಿಡಿದ, ಸಡಿಲಗೊಂಡ ಅಥವಾ ತುಂಡಾದ ಅರ್ತಿಂಗ್ ಅನ್ನು ಸರಿಪಡಿಸಿದರೆ ವಾಹನ ಚಾಲೂ ಆಗುವುದು, ಬ್ಯಾಟರಿ ಚಾರ್ಜ್ ಆಗುವುದು, ದೀಪಗಳು ಉರಿಯುವುದು ಮತ್ತು ಹೊಸ ಮಾದರಿಯ ವಾಹನಗಳಲ್ಲಿ ಸಂವೇದಕಗಳ ಕೆಲಸ ನಿಶ್ಚಿತವಾಗಿ ಸುಧಾರಿಸುತ್ತದೆ. ತಮ್ಮ ವಾಹನ ಈ ಎರಡರಲ್ಲಿ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಸಾಮಾನ್ಯ ಮಲ್ಟಿಮೀಟರ್‌ನಿಂದ ಹತ್ತು ನಿಮಿಷಗಳಲ್ಲಿ ರೈತರೇ ತಿಳಿಯಬಹುದು.

ವಾಹನದ ಅರ್ತಿಂಗ್ ಎಂದರೇನು?

ಪಂಪ್‌ಸೆಟ್ಟಿನ ಅರ್ತಿಂಗ್ ಮತ್ತು ವಾಹನದ ಅರ್ತಿಂಗ್ ಬೇರೆ ಬೇರೆ. ಪಂಪ್‌ಸೆಟ್ಟಿನಲ್ಲಿ ಮೋಟರಿನ ಲೋಹದ ಕವಚದಿಂದ ತಂತಿಯೊಂದನ್ನು ನೆಲದೊಳಗಿನ ಗುಂಡಿಗೆ ಜೋಡಿಸಲಾಗಿರುತ್ತದೆ. ಮೋಟರಿನಲ್ಲಿ ದೋಷ ಉಂಟಾದಾಗ ಮುಟ್ಟಿದವರಿಗೆ ವಿದ್ಯುತ್ ಆಘಾತವಾಗದಂತೆ ತಡೆಯುವುದು ಅದರ ಉದ್ದೇಶ. ವಾಹನದಲ್ಲಿ ಮಣ್ಣಿನೊಡನೆ ಯಾವ ಸಂಪರ್ಕವೂ ಇಲ್ಲ. ಅಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯನ್ನು ವಾಹನದ ಲೋಹದ ದೇಹಕ್ಕೆ ಜೋಡಿಸಲಾಗಿರುತ್ತದೆ. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಹೊರಟ ವಿದ್ಯುತ್ ಸ್ಟಾರ್ಟರ್ ಮೋಟರ್ (ಸೆಲ್ಫ್), ದೀಪ, ಹಾರ್ನ್ ಮೊದಲಾದವುಗಳಲ್ಲಿ ಕೆಲಸ ಮಾಡಿ, ಎಂಜಿನ್ ಮತ್ತು ಚಾಸಿಯ ಲೋಹದ ಮೂಲಕವೇ ಬ್ಯಾಟರಿಗೆ ಹಿಂದಿರುಗುತ್ತದೆ. ಮೆಕ್ಯಾನಿಕ್‌ಗಳು ಇದನ್ನೇ "ಬಾಡಿ ಅರ್ತ್" ಎನ್ನುತ್ತಾರೆ.

ಕಾಲುವೆಯಲ್ಲಿ ಹರಿದ ನೀರಿಗೆ ಬಸಿಗಾಲುವೆ ಇರುವಂತೆ, ಹೋದ ವಿದ್ಯುತ್ತಿಗೆ ಹಿಂದಿರುಗುವ ದಾರಿಯೂ ಇರಬೇಕು. ದಾರಿ ಕಟ್ಟಿಕೊಂಡರೆ ಮುಂದಿನ ಹರಿವೂ ನಿಲ್ಲುತ್ತದೆ. ಆದರೆ ಈಗಾಗಲೇ ಸರಾಗವಾಗಿ ಹರಿಯುತ್ತಿರುವ ಬಸಿಗಾಲುವೆಯನ್ನು ಇನ್ನಷ್ಟು ಅಗಲ ಮಾಡಿದರೆ ಮೇಲಿನಿಂದ ಹೆಚ್ಚು ನೀರೇನೂ ಬರುವುದಿಲ್ಲ.

ಟ್ರ್ಯಾಕ್ಟರ್ ಮತ್ತು ಪಿಕಪ್‌ಗಳ ರಚನೆಯಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಎಂಜಿನ್, ಕ್ಲಚ್ ಕವಚ ಹಾಗೂ ಗೇರ್‌ಬಾಕ್ಸ್‌ಗಳನ್ನು ಲೋಹಕ್ಕೆ ಲೋಹ ತಾಗುವಂತೆ ಬೋಲ್ಟ್ ಹಾಕಿ ಜೋಡಿಸಲಾಗಿರುತ್ತದೆ. ಇವೇ ಟ್ರ್ಯಾಕ್ಟರಿನ ಬೆನ್ನೆಲುಬು. ಆದ್ದರಿಂದ ಬ್ಯಾಟರಿಯಿಂದ ದೇಹಕ್ಕೆ ಬರುವ ಒಂದು ದಪ್ಪ ಕೇಬಲ್ ಸರಿಯಿದ್ದರೆ ಸಾಕು. ಪಿಕಪ್, ಕಾರು ಮತ್ತು ಲಾರಿಗಳಲ್ಲಿ ಎಂಜಿನ್ ರಬ್ಬರ್ ದಿಂಬುಗಳ ಮೇಲೆ ಕುಳಿತಿರುತ್ತದೆ. ರಬ್ಬರಿನ ಮೂಲಕ ವಿದ್ಯುತ್ ಹರಿಯದ ಕಾರಣ ಎಂಜಿನ್ ಮತ್ತು ಚಾಸಿಯ ನಡುವೆ ಹೆಣೆದ ತಾಮ್ರದ ಪಟ್ಟಿ ಅಥವಾ ಪ್ರತ್ಯೇಕ ತಂತಿ ಇರಲೇಬೇಕು. ಗ್ಯಾರೇಜಿನಲ್ಲಿ ಎಂಜಿನ್ ಇಳಿಸಿ ಮತ್ತೆ ಕೂರಿಸುವಾಗ ಈ ಪಟ್ಟಿಯನ್ನು ಹಾಕಲು ಮರೆತುಬಿಡುವ ಸಾಧ್ಯತೆಯಿದೆ.

ಡೀಸೆಲ್ ಎಂಜಿನ್ನಿನ ಶಕ್ತಿ ಎಲ್ಲಿಂದ ಬರುತ್ತದೆ?

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಬಿಸಿ ಗಾಳಿಗೆ ಇಂಜೆಕ್ಟರ್ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ನಮ್ಮ ಹೊಲಗಳಲ್ಲಿ ದುಡಿಯುತ್ತಿರುವ ಬಹುಪಾಲು ಟ್ರ್ಯಾಕ್ಟರುಗಳಲ್ಲಿ ಡೀಸೆಲ್ ಪಂಪು ಕೂಡ ಎಂಜಿನ್ನಿನ ಗೇರುಗಳಿಂದಲೇ ತಿರುಗುವ ಯಾಂತ್ರಿಕ ಪಂಪು. ಒಮ್ಮೆ ಎಂಜಿನ್ ಚಾಲೂ ಆದ ಬಳಿಕ ದಹನಕ್ಕೆ ವಿದ್ಯುತ್ ಬೇಕಾಗುವುದಿಲ್ಲ. ಕೆಲವು ಮಾದರಿಗಳಲ್ಲಿ ಡೀಸೆಲ್ ಹರಿವನ್ನು ತೆರೆದಿಡುವ ವಿದ್ಯುತ್ ಕವಾಟಕ್ಕೆ ಮಾತ್ರ ಅಲ್ಪ ವಿದ್ಯುತ್ ಬೇಕು. ಕೈಹಿಡಿ ತಿರುಗಿಸಿ ಚಾಲೂ ಮಾಡುವ ಪವರ್ ಟಿಲ್ಲರ್ ಬ್ಯಾಟರಿಯೇ ಇಲ್ಲದೆ ದಿನವಿಡೀ ಉಳುಮೆ ಮಾಡುವುದು ಇದಕ್ಕೆ ಉತ್ತಮ ನಿದರ್ಶನ.

ಹೀಗಿರುವಾಗ, ರೋಟಾವೇಟರ್ ಎಳೆಯುತ್ತಿರುವ ಯಾಂತ್ರಿಕ ಪಂಪಿನ ಟ್ರ್ಯಾಕ್ಟರಿಗೆ ಅರ್ತಿಂಗ್ ತಂತಿಯಿಂದ ಎಳೆತ ಹೆಚ್ಚಲು ಯಾವ ದಾರಿಯೂ ಇಲ್ಲ.

ಎಚ್ಚರಿಕೆ: ಚಾಲನೆಗೆ ವಿದ್ಯುತ್ ಬೇಡವೆಂದು, ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಬಿಚ್ಚಿ ಪರೀಕ್ಷಿಸಬಾರದು. ಹಾಗೆ ಮಾಡಿದಲ್ಲಿ ವೋಲ್ಟೇಜ್ ಹಠಾತ್ತನೆ ಏರಿ ಆಲ್ಟರ್ನೇಟರ್ (ಡೈನಮೊ), ಬಲ್ಬುಗಳು ಮತ್ತು ಇತರ ವಿದ್ಯುನ್ಮಾನ ಭಾಗಗಳು ಸುಟ್ಟುಹೋಗಬಹುದು.

ಲೆಕ್ಕ ಏನು ಹೇಳುತ್ತದೆ?

35 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ಕೇಬಲಿನ ಒಂದು ಮೀಟರ್ ಉದ್ದಕ್ಕೆ ರೋಧ ಸುಮಾರು 0.0005 ಓಮ್. ಬ್ಯಾಟರಿಯಿಂದ ದೇಹಕ್ಕೆ ಇರುವ ಕೇಬಲ್ ಅರ್ಧ ಮೀಟರ್ ಎಂದುಕೊಂಡರೆ ರೋಧ 0.00025 ಓಮ್. ಇದನ್ನು ಎರಡು ಸಂದರ್ಭಗಳಿಗೆ ಅನ್ವಯಿಸಿ ನೋಡಬಹುದು.

1. ಎಂಜಿನ್ ಓಡುತ್ತಿರುವಾಗ: ಈ ಕೇಬಲಿನಲ್ಲಿ 30 ಆಂಪಿಯರ್ ಹರಿಯುತ್ತಿದೆ ಎಂದಿಟ್ಟುಕೊಂಡರೂ ಅಲ್ಲಿ ವ್ಯರ್ಥವಾಗುವ ಶಕ್ತಿ ಸುಮಾರು 0.22 ವ್ಯಾಟ್. ಕೇಬಲಿನ ದಪ್ಪವನ್ನು ಇಮ್ಮಡಿ ಮಾಡಿದರೆ ಉಳಿಯುವುದು 0.11 ವ್ಯಾಟ್. 45 ಅಶ್ವಶಕ್ತಿಯ ಎಂಜಿನ್ ಎಂದರೆ ಸುಮಾರು 33,500 ವ್ಯಾಟ್. ಅಂದರೆ ಉಳಿತಾಯವು ಎಂಜಿನ್ನಿನ ಶಕ್ತಿಯ ಮೂರು ಲಕ್ಷದಲ್ಲಿ ಒಂದು ಪಾಲು. ಇದು ಡೀಸೆಲ್ ಖರ್ಚಿನಲ್ಲಾಗಲಿ, ಎಳೆತದಲ್ಲಾಗಲಿ ಕಾಣಿಸುವಂಥದ್ದಲ್ಲ.

2. ಸೆಲ್ಫ್ ಹೊಡೆಯುವಾಗ: ಸ್ಟಾರ್ಟರ್ ಮೋಟರ್ 300 ಆಂಪಿಯರ್ ಎಳೆಯುತ್ತದೆ ಎಂದು ಭಾವಿಸೋಣ. ಸುಸ್ಥಿತಿಯ ಕೇಬಲಿನಲ್ಲಿ ಕುಸಿಯುವ ವೋಲ್ಟೇಜ್ ಕೇವಲ 0.075. ದಪ್ಪವನ್ನು ಇಮ್ಮಡಿ ಮಾಡಿದರೆ ಇದು 0.04ಕ್ಕೆ ಇಳಿಯುತ್ತದೆ. 12 ವೋಲ್ಟಿನ ಬ್ಯಾಟರಿಗೆ ಈ ವ್ಯತ್ಯಾಸ ಗಣನೀಯವಲ್ಲ. ಆದರೆ ಅದೇ ಕೇಬಲಿನ ತುದಿಯಲ್ಲಿ ತುಕ್ಕು, ಬಣ್ಣ ಅಥವಾ ಬಿಳಿ ಪುಡಿ ಸೇರಿ 0.005 ಓಮ್ ರೋಧ ಉಂಟಾಗಿದ್ದರೆ 1.5 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. ಸುಮಾರು 450 ವ್ಯಾಟ್ ಶಾಖವಾಗಿ ಹೋಗಿ ಆ ಜೋಡಣೆ ಮುಟ್ಟಲಾಗದಷ್ಟು ಕಾಯುತ್ತದೆ. ಬ್ಯಾಟರಿ ಹೊಸದಿದ್ದರೂ ಸೆಲ್ಫ್ ನಿಧಾನವಾಗಿ ತಿರುಗುತ್ತದೆ.

ಈ ಲೆಕ್ಕದಿಂದ ತಿಳಿಯುವುದಿಷ್ಟು: ದೋಷ ಸಾಮಾನ್ಯವಾಗಿ ತಂತಿಯ ದಪ್ಪದಲ್ಲಿ ಇರುವುದಿಲ್ಲ, ಜೋಡಣೆಯ ಜಾಗದಲ್ಲಿರುತ್ತದೆ. ತುಕ್ಕು ಹಿಡಿದ ಜಾಗದ ಮೇಲೆಯೇ ದುಬಾರಿ ತಂತಿ ಕೂರಿಸಿದರೆ ಹಣ ಖರ್ಚಾಗುತ್ತದೆಯೇ ಹೊರತು ದೋಷ ಹೋಗುವುದಿಲ್ಲ.

ಹೊಸ ಮಾದರಿಯ ವಾಹನಗಳಲ್ಲಿ

2020ರ ಏಪ್ರಿಲ್ 1ರಿಂದ ಮಾರಾಟವಾಗುತ್ತಿರುವ ಬಿ.ಎಸ್.-6 ಪಿಕಪ್ ಮತ್ತು ಲಾರಿಗಳಲ್ಲಿ, ಹಾಗೂ 2023ರ ಜನವರಿ 1ರಿಂದ ಹೊಸ ಹೊಗೆ ಮಾನದಂಡಕ್ಕೆ ಒಳಪಟ್ಟ 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಸ್ಥಿತಿ ಸ್ವಲ್ಪ ಭಿನ್ನವಾಗಿದೆ. ಕಾಮನ್ ರೈಲ್ ವ್ಯವಸ್ಥೆಯ ಎಂಜಿನ್‌ಗಳಲ್ಲಿ ಡೀಸೆಲ್ ಎಷ್ಟು, ಯಾವ ಕ್ಷಣದಲ್ಲಿ ಸಿಂಪಡಿಸಬೇಕೆಂಬುದನ್ನು ವಿದ್ಯುನ್ಮಾನ ನಿಯಂತ್ರಣ ಪೆಟ್ಟಿಗೆ (ಇಸಿಯು) ನಿರ್ಧರಿಸುತ್ತದೆ. ಅದಕ್ಕೆ ಮಾಹಿತಿ ಕೊಡುವ ಸಂವೇದಕಗಳಲ್ಲಿ ಹಲವು 0ಯಿಂದ 5 ವೋಲ್ಟ್ ವ್ಯಾಪ್ತಿಯಲ್ಲಿ ಕೆಲಸ ಮಾಡುತ್ತವೆ. ಅರ್ತಿಂಗ್ ದೋಷದಿಂದ ಸಂಕೇತದಲ್ಲಿ 0.2 ವೋಲ್ಟ್ ಏರುಪೇರಾದರೂ ಅದು ಪೂರ್ಣ ವ್ಯಾಪ್ತಿಯ ಶೇ. 4ರಷ್ಟು ತಪ್ಪು ಮಾಹಿತಿಯಾಗುತ್ತದೆ. ಇಂತಹ ಸಂದರ್ಭದಲ್ಲಿ ಎಚ್ಚರಿಕೆಯ ದೀಪ ಹೊತ್ತಿಕೊಂಡು, ಎಂಜಿನ್ ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳಬಹುದು.

ಆದ್ದರಿಂದ ಈ ವಾಹನಗಳಲ್ಲಿ ಕೆಟ್ಟ ಅರ್ತಿಂಗ್ ಶಕ್ತಿಯನ್ನು ಕುಂದಿಸಬಲ್ಲದು. ಸರಿಪಡಿಸಿದಾಗ ಕಳೆದುಹೋದ ಶಕ್ತಿ ಮರಳುತ್ತದೆ. ಆದರೆ ತಯಾರಕರು ನಿಗದಿಪಡಿಸಿದ ಶಕ್ತಿಗಿಂತ ಹೆಚ್ಚಿನದೇನೂ ದೊರೆಯುವುದಿಲ್ಲ.

ಇಂತಹ ವಾಹನಗಳಿಗೆ ಹೊರಗಿನಿಂದ ತಂತಿಗಳನ್ನು ಸೇರಿಸುವುದರಲ್ಲಿ ಅಪಾಯವೂ ಇದೆ. ಸಂವೇದಕಗಳ ಅರ್ತಿಂಗ್ ತಂತಿಗಳನ್ನು ತಯಾರಕರು ಉದ್ದೇಶಪೂರ್ವಕವಾಗಿ ಪ್ರತ್ಯೇಕ ದಾರಿಯಲ್ಲಿ ನಿಯಂತ್ರಣ ಪೆಟ್ಟಿಗೆಗೆ ಒಯ್ದಿರುತ್ತಾರೆ. ಅವುಗಳನ್ನು ದೇಹಕ್ಕೆ ಜೋಡಿಸಿದರೆ ಸೆಲ್ಫ್ ಮತ್ತು ಆಲ್ಟರ್ನೇಟರಿನ ವಿದ್ಯುತ್ ಗದ್ದಲ ಸಂಕೇತಗಳಲ್ಲಿ ಬೆರೆಯುತ್ತದೆ. ಕೆಲವು ವಾಹನಗಳ ಬ್ಯಾಟರಿಯ ನೆಗೆಟಿವ್ ತುದಿಯಲ್ಲಿ ವಿದ್ಯುತ್ ಅಳೆಯುವ ಸಂವೇದಕವಿರುತ್ತದೆ. ಹೆಚ್ಚುವರಿ ತಂತಿಯನ್ನು ನೇರವಾಗಿ ಬ್ಯಾಟರಿಯ ಕಂಬಕ್ಕೆ ಬಿಗಿದರೆ ಆ ವಿದ್ಯುತ್ ಸಂವೇದಕದ ಲೆಕ್ಕಕ್ಕೆ ಸಿಗದೆ ಚಾರ್ಜಿಂಗ್ ತಪ್ಪುತ್ತದೆ. ವಾರಂಟಿ ಅವಧಿಯಲ್ಲಿರುವ ವಾಹನದ ತಂತಿ ಜಾಲವನ್ನು ಬದಲಿಸಿದರೆ ವಾರಂಟಿ ಸೌಲಭ್ಯಕ್ಕೂ ತೊಡಕಾಗಬಹುದು.

ಪೆಟ್ರೋಲ್ ಎಂಜಿನ್ನುಗಳಲ್ಲಿ

ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿಯ ವಿದ್ಯುತ್ ಎಂಜಿನ್ನಿನ ಲೋಹದ ಮೂಲಕ ಹಿಂದಿರುಗುವುದರಿಂದ ಅರ್ತಿಂಗ್ ಕೆಟ್ಟಿದ್ದರೆ ಕಿಡಿ ದುರ್ಬಲವಾಗಿ ಎಂಜಿನ್ ತಡವರಿಸಬಹುದು. ಅರ್ತಿಂಗ್ ಸರಿಯಿದ್ದಲ್ಲಿ ಕಿಡಿಯ ಬಲವನ್ನು ನಿರ್ಧರಿಸುವುದು ಇಗ್ನಿಷನ್ ಕಾಯಿಲ್ ಮತ್ತು ಅದರ ನಿಯಂತ್ರಕ. ಕಳೆ ಕತ್ತರಿಸುವ ಯಂತ್ರ ಹಾಗೂ ಬೆನ್ನಿಗೆ ಹೊರುವ ಪೆಟ್ರೋಲ್ ಸಿಂಪಡಕಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ಅವುಗಳಲ್ಲಿ ಮ್ಯಾಗ್ನೆಟೊ ಕಾಯಿಲಿನ ಬೋಲ್ಟು ಬಿಗಿಯಾಗಿದ್ದು, ಅದು ಎಂಜಿನ್ನಿಗೆ ತಾಗುವ ಜಾಗ ಶುಚಿಯಾಗಿದ್ದರೆ ಸಾಕು.

ನಮ್ಮ ಭಾಗದಲ್ಲಿ ಅರ್ತಿಂಗ್ ಕೆಡಲು ಕಾರಣಗಳು

• ಯೂರಿಯಾ, ಪೊಟ್ಯಾಷ್, ಅಮೋನಿಯಂ ಯುಕ್ತ ಗೊಬ್ಬರ ಹಾಗೂ ಕೊಟ್ಟಿಗೆ ಗೊಬ್ಬರಗಳ ಸಾಗಣೆ. ಅಮೋನಿಯ ತಾಮ್ರ ಮತ್ತು ಹಿತ್ತಾಳೆಯನ್ನು ತಿನ್ನುತ್ತದೆ. ಪೊಟ್ಯಾಷ್ ಗೊಬ್ಬರದ ಲವಣ ತೇವ ಹೀರಿಕೊಂಡು ಕಬ್ಬಿಣಕ್ಕೆ ತುಕ್ಕು ತರುತ್ತದೆ.
• ಟ್ರ್ಯಾಕ್ಟರಿಗೆ ಜೋಡಿಸಿದ ಸಿಂಪಡಕಗಳಿಂದ ಔಷಧಿಯ ಹನಿಗಳು ಬ್ಯಾಟರಿ ಮತ್ತು ತಂತಿಗಳ ಮೇಲೆ ಬೀಳುವುದು.
• ಬ್ಯಾಟರಿಯಿಂದ ಹೊರಸೂಸುವ ಆಮ್ಲದ ಆವಿ. ಟರ್ಮಿನಲ್ ಮೇಲೆ ಕಾಣುವ ಬಿಳಿ ಅಥವಾ ಹಸಿರುಮಿಶ್ರಿತ ಪುಡಿ ಇದರ ಗುರುತು.
• ಉಳುಮೆಯ ಅದುರುವಿಕೆಯಿಂದ ಬೋಲ್ಟುಗಳು ಸಡಿಲವಾಗುವುದು, ಹೆಣೆದ ಪಟ್ಟಿಯ ಎಳೆಗಳು ಒಂದೊಂದಾಗಿ ತುಂಡಾಗುವುದು.
• ಕೊಟ್ಟಿಗೆ ಅಥವಾ ಶೆಡ್ಡಿನಲ್ಲಿ ನಿಂತ ವಾಹನದ ತಂತಿಗಳನ್ನು ಇಲಿ, ಹೆಗ್ಗಣಗಳು ಕಡಿಯುವುದು.
• ದೇಹಕ್ಕೆ ಹೊಸದಾಗಿ ಬಣ್ಣ ಹೊಡೆಸುವಾಗ ಅರ್ತಿಂಗ್ ಕೂರುವ ಜಾಗಕ್ಕೂ ಬಣ್ಣ ಬೀಳುವುದು.

ಕೆಟ್ಟ ಅರ್ತಿಂಗ್‌ನ ಲಕ್ಷಣಗಳು

• ಕೀಲಿ ತಿರುಗಿಸಿದಾಗ "ಕಟ್ ಕಟ್" ಸದ್ದಾಗಿ ಸೆಲ್ಫ್ ತಿರುಗದಿರುವುದು. ಗುಂಡ್ಲುಪೇಟೆ ಭಾಗದ ಚಳಿಗಾಲದ ಬೆಳಗಿನಲ್ಲಿ ಎಂಜಿನ್ ಎಣ್ಣೆ ಗಟ್ಟಿಯಾಗಿ, ಬ್ಯಾಟರಿಯ ಬಲವೂ ತಗ್ಗಿರುವುದರಿಂದ ಇದು ಹೆಚ್ಚಾಗಿ ಕಾಣಿಸುತ್ತದೆ.
• ಹಾರ್ನ್ ಒತ್ತಿದಾಗ ಅಥವಾ ಇಂಡಿಕೇಟರ್ ಹಾಕಿದಾಗ ದೀಪಗಳು ಮಂಕಾಗುವುದು.
• ಹೆಡ್‌ಲೈಟ್ ಹಾಕಿದ ಕೂಡಲೇ ಉಷ್ಣತೆ ಅಥವಾ ಡೀಸೆಲ್ ಮಟ್ಟದ ಮುಳ್ಳು ಅಲುಗುವುದು.
• ಸೆಲ್ಫ್ ಹೊಡೆದ ಬಳಿಕ ಆಕ್ಸಿಲರೇಟರ್ ಅಥವಾ ಕ್ಲಚ್ ಕೇಬಲ್ ಬಿಸಿಯಾಗುವುದು. ಸರಿಯಾದ ದಾರಿಯಿಲ್ಲದೆ ವಿದ್ಯುತ್ ಈ ಕೇಬಲುಗಳ ಮೂಲಕ ಹಿಂದಿರುಗುತ್ತಿದೆ ಎಂಬುದರ ಸೂಚನೆಯಿದು. ತಕ್ಷಣ ಸರಿಪಡಿಸಬೇಕು.
• ಬ್ಯಾಟರಿ ಪದೇಪದೇ ಇಳಿಯುವುದು.

ಈ ಲಕ್ಷಣಗಳಲ್ಲಿ ಕೆಲವು ಬ್ಯಾಟರಿ, ಸೆಲ್ಫ್ ಅಥವಾ ಆಲ್ಟರ್ನೇಟರ್ ದೋಷದಿಂದಲೂ ಕಾಣಿಸುತ್ತವೆ. ಆದ್ದರಿಂದ ಭಾಗಗಳನ್ನು ಬದಲಿಸುವ ಮೊದಲು ಅಳತೆ ಮಾಡುವುದು ಅವಶ್ಯ.

ಮಲ್ಟಿಮೀಟರ್‌ನಿಂದ ಪರೀಕ್ಷಿಸುವ ವಿಧಾನ

ತಂತಿಯ ರೋಧ ಅತ್ಯಲ್ಪವಾಗಿರುವುದರಿಂದ ಮೀಟರಿನ ಓಮ್ ಗುರುತಿನಲ್ಲಿ ಅಳೆದರೆ ನಿಜಸ್ಥಿತಿ ತಿಳಿಯದು. ಒಂದೇ ಎಳೆ ಉಳಿದಿರುವ ತಂತಿಯೂ ಆ ಅಳತೆಯಲ್ಲಿ ಸರಿಯೆಂದೇ ಕಾಣುತ್ತದೆ. ಸೆಲ್ಫ್ ಹೊಡೆಯುತ್ತಿರುವಾಗ ವೋಲ್ಟೇಜ್ ಕುಸಿತವನ್ನು ಅಳೆಯುವುದೇ ಸರಿಯಾದ ಕ್ರಮ. ಪರೀಕ್ಷೆಗೆ ಇಬ್ಬರು ಬೇಕು.

1. ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಪಿಟಿಒ ಬಿಡಿಸಿ, ಬ್ರೇಕ್ ಹಾಕಬೇಕು. ಒಬ್ಬರು ಚಾಲಕರ ಆಸನದಲ್ಲಿಯೇ ಕುಳಿತಿರಬೇಕು. ಮೀಟರ್ ಹಿಡಿದವರು ಬೆಲ್ಟ್ ಮತ್ತು ಫ್ಯಾನ್‌ನಿಂದ ದೂರವಿರಬೇಕು.
2. ಮೊದಲು ಬ್ಯಾಟರಿಯ ಸ್ಥಿತಿ ನೋಡಬೇಕು. ವಾಹನ ಕೆಲವು ಗಂಟೆ ನಿಂತ ಬಳಿಕ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇದ್ದರೆ ಪೂರ್ಣ ಚಾರ್ಜ್ ಆಗಿದೆ. 12.2 ವೋಲ್ಟ್ ಇದ್ದರೆ ಅರ್ಧದಷ್ಟು ಚಾರ್ಜ್ ಇದೆ. ಅರ್ಧಕ್ಕಿಂತ ಕಡಿಮೆ ಇದ್ದಲ್ಲಿ ಚಾರ್ಜ್ ಮಾಡಿ ನಂತರ ಮುಂದುವರಿಯಬೇಕು.
3. ಮೀಟರನ್ನು ಡಿಸಿ ವೋಲ್ಟ್ ಗುರುತಿಗೆ (20 ವೋಲ್ಟ್ ಅಥವಾ ಅದಕ್ಕಿಂತ ಕೆಳಗಿನ ವ್ಯಾಪ್ತಿ) ಇಡಬೇಕು. ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ ಒತ್ತಬೇಕು. ಕ್ಲ್ಯಾಂಪಿನ ಮೇಲೆ ಇಡಬಾರದು. ಕೆಂಪು ಕಡ್ಡಿಯನ್ನು ಎಂಜಿನ್ನಿನ ಬಣ್ಣವಿಲ್ಲದ ಶುಚಿಯಾದ ಲೋಹದ ಮೇಲೆ ಇಡಬೇಕು.
4. ಯಾಂತ್ರಿಕ ಪಂಪಿನ ಟ್ರ್ಯಾಕ್ಟರಿನಲ್ಲಿ ಎಂಜಿನ್ ನಿಲ್ಲಿಸುವ ಗುಂಡಿಯನ್ನು ಎಳೆದಿಟ್ಟು, ಎಂಜಿನ್ ಚಾಲೂ ಆಗದಂತೆ 4ರಿಂದ 5 ಸೆಕೆಂಡ್ ಸೆಲ್ಫ್ ಹೊಡೆಯಬೇಕು. ಹೊಸ ಮಾದರಿಯ ವಾಹನಗಳಲ್ಲಿ ಎಂಜಿನ್ ಚಾಲೂ ಆಗುವ ಕ್ಷಣದ ಅಳತೆಯೇ ಸಾಕು.

ಅಳತೆಯನ್ನು ಹೀಗೆ ಅರ್ಥೈಸಬೇಕು:

• 0.2 ವೋಲ್ಟ್ ಅಥವಾ ಕಡಿಮೆ: ಅರ್ತಿಂಗ್ ಸರಿಯಾಗಿದೆ. ಹೊಸ ತಂತಿಗೆ ಹಣ ವ್ಯಯಿಸುವ ಅಗತ್ಯವಿಲ್ಲ.
• 0.2ರಿಂದ 0.5 ವೋಲ್ಟ್: ಜೋಡಣೆಗಳನ್ನು ಬಿಚ್ಚಿ, ಶುಚಿಗೊಳಿಸಿ, ಬಿಗಿದು ಮತ್ತೆ ಅಳೆಯಬೇಕು.
• 0.5 ವೋಲ್ಟ್‌ಗಿಂತ ಹೆಚ್ಚು: ದೋಷ ಖಚಿತ. ಶುಚಿಗೊಳಿಸಿದ ಬಳಿಕವೂ ಇಳಿಯದಿದ್ದರೆ ಕೇಬಲ್ ಬದಲಿಸಬೇಕು.

ಅಳತೆ ಹೆಚ್ಚು ಬಂದಲ್ಲಿ ಕೆಂಪು ಕಡ್ಡಿಯನ್ನು ಕ್ರಮವಾಗಿ ಬ್ಯಾಟರಿಯ ಕ್ಲ್ಯಾಂಪ್, ಕೇಬಲಿನ ಮತ್ತೊಂದು ತುದಿಯ ಲಗ್, ದೇಹ, ಎಂಜಿನ್ ಹೀಗೆ ಒಂದೊಂದೇ ಜಾಗಕ್ಕೆ ಸರಿಸಿ ಪ್ರತಿಸಲವೂ ಸೆಲ್ಫ್ ಹೊಡೆದು ನೋಡಬೇಕು. ಸೆಲ್ಫ್ ಕಾಯದಂತೆ ನಡುವೆ ಒಂದೆರಡು ನಿಮಿಷ ಬಿಡುವು ಕೊಡಬೇಕು. ಯಾವ ಎರಡು ಜಾಗಗಳ ನಡುವೆ ಅಳತೆ ಒಮ್ಮೆಲೇ ಏರುವುದೋ ಅಲ್ಲಿಯೇ ದೋಷವಿದೆ. ಇದೇ ರೀತಿ ಬ್ಯಾಟರಿಯ ಪಾಸಿಟಿವ್ ಕಂಬ ಮತ್ತು ಸೆಲ್ಫ್‌ನ ದಪ್ಪ ಕೇಬಲಿನ ಬೋಲ್ಟಿನ ನಡುವೆಯೂ ಅಳೆಯಬೇಕು. ಅಲ್ಲಿ ಕುಸಿತ 0.5 ವೋಲ್ಟ್ ಮೀರಬಾರದು.

ಶುಚಿಗೊಳಿಸುವ ಕ್ರಮ

1. ಎಂಜಿನ್ ನಿಲ್ಲಿಸಿ ಕೀಲಿ ತೆಗೆದ ನಂತರ ನೆಗೆಟಿವ್ ಕ್ಲ್ಯಾಂಪನ್ನು ಮೊದಲು ಬಿಚ್ಚಬೇಕು, ಕೊನೆಯಲ್ಲಿ ಜೋಡಿಸಬೇಕು. ಪಾಸಿಟಿವ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ದೇಹಕ್ಕೆ ತಾಗಿದರೆ ಭಾರಿ ಕಿಡಿ ಹಾರುತ್ತದೆ.
2. ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಅನಿಲ ಸ್ಫೋಟಕ. ಹತ್ತಿರದಲ್ಲಿ ಬೀಡಿ, ಸಿಗರೇಟು, ದೀಪ ಇರಬಾರದು. ಕಣ್ಣಿಗೆ ಕನ್ನಡಕ, ಕೈಗೆ ಕೈಗವಸು ಧರಿಸಬೇಕು.
3. ಅಡುಗೆ ಸೋಡವನ್ನು ನೀರಿನಲ್ಲಿ ಕದಡಿ ಟರ್ಮಿನಲ್ ಮೇಲಿನ ಪುಡಿಯನ್ನು ಹಳೆಯ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗದಂತೆ ಮುಚ್ಚಳಗಳು ಬಿಗಿಯಾಗಿರಬೇಕು. ನಂತರ ಶುದ್ಧ ನೀರಿನಿಂದ ಒರೆಸಿ ಒಣಗಿಸಬೇಕು.
4. ಕಂಬ, ಕ್ಲ್ಯಾಂಪಿನ ಒಳಮೈ, ಲಗ್ ಮತ್ತು ದೇಹದಲ್ಲಿ ಲಗ್ ಕೂರುವ ಜಾಗವನ್ನು ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಬೇಕು.
5. ಹಲ್ಲಿರುವ ವಾಷರ್ ಹಾಕಿ ಬೋಲ್ಟನ್ನು ಬಿಗಿದ ಬಳಿಕ, ಗಾಳಿ ಮತ್ತು ತೇವ ತಾಗದಂತೆ ಹೊರಗಿನಿಂದ ತೆಳುವಾಗಿ ವ್ಯಾಸಲಿನ್ ಸವರಬೇಕು.
6. ಮತ್ತೊಮ್ಮೆ ವೋಲ್ಟೇಜ್ ಕುಸಿತ ಅಳೆದು ಮೊದಲಿನ ಅಳತೆಯೊಡನೆ ಹೋಲಿಸಿ ಬರೆದಿಡಬೇಕು.

ಕೇಬಲ್ ಬದಲಿಸಬೇಕಾದ ಸಂದರ್ಭಗಳು ಮತ್ತು ಆಯ್ಕೆ

ಎಳೆಗಳು ತುಂಡಾಗಿದ್ದರೆ, ಹೊದಿಕೆಯ ಒಳಗೆ ತಾಮ್ರ ಹಸಿರು ಅಥವಾ ಕಪ್ಪಾಗಿದ್ದರೆ, ಬ್ಯಾಟರಿಯನ್ನು ಮೂಲ ಜಾಗದಿಂದ ದೂರಕ್ಕೆ ಸ್ಥಳಾಂತರಿಸಿದ್ದರೆ ಅಥವಾ ಹೆಚ್ಚು ವಿದ್ಯುತ್ ಬಳಸುವ ಉಪಕರಣಗಳನ್ನು ಹೊಸದಾಗಿ ಅಳವಡಿಸಿದ್ದರೆ ಕೇಬಲ್ ಬದಲಿಸುವುದು ಸೂಕ್ತ. ಮೂಲ ಕೇಬಲಿನಷ್ಟೇ ಅಥವಾ ಅದಕ್ಕಿಂತ ತುಸು ದಪ್ಪನೆಯದನ್ನು, ಅಗತ್ಯಕ್ಕಿಂತ ಉದ್ದವಾಗದಂತೆ ಹಾಕಿಸಬೇಕು.

ಹೊರನೋಟದ ದಪ್ಪವನ್ನು ನಂಬಬಾರದು. ದಪ್ಪ ರಬ್ಬರಿನೊಳಗೆ ಸಣ್ಣ ತಂತಿ ಇರಬಹುದು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯನ್ನು ತಾಮ್ರವೆಂದು ಮಾರುವುದೂ ಉಂಟು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ಶುದ್ಧ ತಾಮ್ರವಲ್ಲ. ತುದಿಯ ಲಗ್ಗನ್ನು ಸುತ್ತಿಗೆಯಿಂದ ಬಡಿದು ಕೂರಿಸದೆ, ಒತ್ತುವ ಉಪಕರಣದಿಂದ (ಕ್ರಿಂಪಿಂಗ್) ಬಿಗಿಗೊಳಿಸಿರಬೇಕು.

ಟ್ರೈಲರ್ ದೀಪಗಳಿಗೆ ಪ್ರತ್ಯೇಕ ಅರ್ತಿಂಗ್

ಹೆಚ್ಚುವರಿ ಅರ್ತಿಂಗ್ ತಂತಿಯಿಂದ ನಿಜವಾದ ಲಾಭವಿರುವ ಜಾಗ ಟ್ರೈಲರ್. ಕೆಲವು ಟ್ರೈಲರುಗಳಲ್ಲಿ ಹಿಂದಿನ ದೀಪಗಳ ವಿದ್ಯುತ್ ಕೊಕ್ಕೆ ಮತ್ತು ಪಿನ್ನಿನ ಮೂಲಕವೇ ಟ್ರ್ಯಾಕ್ಟರಿಗೆ ಹಿಂದಿರುಗುತ್ತದೆ. ಅಲ್ಲಿ ಗ್ರೀಸ್, ಮಣ್ಣು, ತುಕ್ಕು ತುಂಬಿದ್ದು ರಸ್ತೆಯ ಕುಲುಕಾಟಕ್ಕೆ ಸಂಪರ್ಕ ತಪ್ಪುತ್ತಿರುತ್ತದೆ. ಅರಿಶಿನ ಅಥವಾ ಕಬ್ಬು ಹೇರಿಕೊಂಡು ಮುಸ್ಸಂಜೆಯ ನಂತರ ಹೆದ್ದಾರಿಯಲ್ಲಿ ಸಾಗುವ ಟ್ರೈಲರಿನ ಹಿಂದಿನ ದೀಪ ಆರಿದರೆ ಹಿಂದೆ ಬರುವ ವಾಹನಕ್ಕೆ ಅದು ಕಾಣುವುದಿಲ್ಲ. ಏಳು ಪಿನ್ನಿನ ಸಾಕೆಟ್ ಅಳವಡಿಸಿ, ಅದರ ಮೂಲಕ ಟ್ರೈಲರಿನ ದೀಪಗಳಿಂದ ಟ್ರ್ಯಾಕ್ಟರಿನ ದೇಹಕ್ಕೆ ಪ್ರತ್ಯೇಕ ಅರ್ತಿಂಗ್ ತಂತಿ ಎಳೆಸುವುದು ಸೂಕ್ತ. ಜೊತೆಗೆ ಟ್ರೈಲರಿನ ಹಿಂಭಾಗಕ್ಕೆ ಪ್ರತಿಫಲಕ ಪಟ್ಟಿಯನ್ನೂ ಅಂಟಿಸಬೇಕು.

ಎಂಜಿನ್ನಿನ ಎಳೆತ ನಿಜವಾಗಿಯೂ ಕುಂದಿದ್ದರೆ

ಸೆಲ್ಫ್ ಚೆನ್ನಾಗಿ ತಿರುಗಿ ಎಂಜಿನ್ ಚಾಲೂ ಆದರೂ ಎಳೆತ ಕಡಿಮೆ ಎನಿಸಿದಲ್ಲಿ ಯಾಂತ್ರಿಕ ಪಂಪಿನ ಟ್ರ್ಯಾಕ್ಟರಿನಲ್ಲಿ ಈ ಅಂಶಗಳನ್ನು ಕ್ರಮವಾಗಿ ಪರಿಶೀಲಿಸಬೇಕು.

• ಏರ್ ಕ್ಲೀನರ್: ಎಣ್ಣೆ ಬಳಸುವ ಮಾದರಿಯಲ್ಲಿ ಎಣ್ಣೆಯ ಮಟ್ಟ ಹಾಗೂ ಕೆಸರು, ಕಾಗದದ ಮಾದರಿಯಲ್ಲಿ ಧೂಳು. ಒಣ ಮಣ್ಣಿನಲ್ಲಿ ರೋಟಾವೇಟರ್ ಹೊಡೆಯುವ ದಿನಗಳಲ್ಲಿ ಪ್ರತಿದಿನ ನೋಡಬೇಕು. ಕಪ್ಪು ಹೊಗೆ ಗಾಳಿಯ ಕೊರತೆಯ ಒಂದು ಸೂಚನೆ.
• ಡೀಸೆಲ್ ಫಿಲ್ಟರ್, ನೀರು ಬೇರ್ಪಡಿಸುವ ಬಟ್ಟಲು ಮತ್ತು ಡೀಸೆಲ್ ಕೊಳವೆಯಲ್ಲಿ ಸೇರಿರುವ ಗಾಳಿ.
• ಇಂಜೆಕ್ಟರುಗಳ ಸಿಂಪರಣೆ ಮತ್ತು ವಾಲ್ವ್‌ಗಳ ಅಂತರ.
• ಕ್ಲಚ್ ಜಾರುವಿಕೆ, ಚಕ್ರಗಳ ಜಾರುವಿಕೆ, ಟೈರಿನ ಗಾಳಿ, ಉಪಕರಣದ ಆಳ ಮತ್ತು ಗೇರಿನ ಆಯ್ಕೆ.

"ತಂತಿ ಹಾಕಿದ ಮೇಲೆ ವ್ಯತ್ಯಾಸ ಕಂಡಿತು" ಎನ್ನುವವರಿಗೆ

ಕಿಟ್ ಅಳವಡಿಸಿದ ಬಳಿಕ ವಾಹನ ಸುಧಾರಿಸಿತು ಎಂಬ ಅನುಭವವನ್ನು ಅಲ್ಲಗಳೆಯಬೇಕಾಗಿಲ್ಲ. ಕಿಟ್ ಜೋಡಿಸುವಾಗ ಹಳೆಯ ಟರ್ಮಿನಲ್‌ಗಳನ್ನು ಬಿಚ್ಚಿ, ಉಜ್ಜಿ, ಬಿಗಿಯಲಾಗುತ್ತದೆ. ಸುಧಾರಣೆಗೆ ಆ ಶುಚಿಯೇ ಕಾರಣವಾಗಿರಬಹುದು. ಬ್ಯಾಟರಿ ಬಿಚ್ಚಿದಾಗ ಕೆಲವು ವಾಹನಗಳ ನಿಯಂತ್ರಣ ಪೆಟ್ಟಿಗೆ ತಾನು ಕಲಿತಿದ್ದ ಹೊಂದಾಣಿಕೆಗಳನ್ನು ಮರೆತು ಹೊಸದಾಗಿ ಆರಂಭಿಸುವುದರಿಂದಲೂ ಕೆಲಕಾಲ ಭಿನ್ನವೆನಿಸಬಹುದು. ಹಣ ಕೊಟ್ಟ ಮೇಲೆ ಫಲ ಕಾಣಬೇಕೆಂಬ ನಿರೀಕ್ಷೆಯೂ ಸಹಜ.

ನಿಜ ತಿಳಿಯಲು ಹೊಲದಲ್ಲಿಯೇ ಸರಳ ಪ್ರಯೋಗ ಮಾಡಬಹುದು. ಮೊದಲು ಹಳೆಯ ತಂತಿಯ ಜೋಡಣೆಗಳನ್ನೆಲ್ಲ ಶುಚಿಗೊಳಿಸಬೇಕು. ಸಮತಟ್ಟಾದ ಜಾಗದಲ್ಲಿ ಟ್ಯಾಂಕನ್ನು ಗುರುತಿನವರೆಗೆ ತುಂಬಿ, ಅದೇ ಹೊಲ, ಅದೇ ಉಪಕರಣ, ಅದೇ ಗೇರು, ಅದೇ ಚಾಲಕರೊಡನೆ ಎರಡು ಗಂಟೆ ಉಳುಮೆ ಮಾಡಿ, ಮತ್ತೆ ಗುರುತಿನವರೆಗೆ ತುಂಬಲು ಬೇಕಾದ ಡೀಸೆಲನ್ನು ಅಳತೆಪಾತ್ರೆಯಿಂದ ಅಳೆಯಬೇಕು. ಉಳುಮೆಯಾದ ವಿಸ್ತೀರ್ಣವನ್ನೂ ಬರೆದಿಡಬೇಕು. ಹಳೆಯ ತಂತಿಯೊಡನೆ ಮೂರು ಸಲ, ಹೊಸ ತಂತಿಯೊಡನೆ ಮೂರು ಸಲ ಮಾಡಿ ಎಕರೆಗೆ ತಗುಲಿದ ಡೀಸೆಲನ್ನು ಹೋಲಿಸಬೇಕು. ಒಂದೇ ತಂತಿಯ ಮೂರು ಅಳತೆಗಳ ನಡುವಿನ ಏರುಪೇರು, ಹಳೆಯ ಮತ್ತು ಹೊಸ ತಂತಿಯ ಸರಾಸರಿಗಳ ವ್ಯತ್ಯಾಸಕ್ಕಿಂತ ದೊಡ್ಡದಾಗಿದ್ದರೆ ಹೊಸ ತಂತಿಯಿಂದ ಲಾಭ ರುಜುವಾತಾಗಿಲ್ಲ ಎಂದೇ ತಿಳಿಯಬೇಕು.

ಟ್ರ್ಯಾಕ್ಟರಿನ ಶಕ್ತಿಯನ್ನು ಶಾಸ್ತ್ರೀಯವಾಗಿ ಅಳೆಯಲು ಪಿಟಿಒಗೆ ಡೈನಮೋಮೀಟರ್ ಜೋಡಿಸಲಾಗುತ್ತದೆ. ಮಧ್ಯಪ್ರದೇಶದ ಬುಧ್ನಿ ಮತ್ತು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಗಳಿವೆ. ಶಕ್ತಿ ಹೆಚ್ಚಿಸುವುದಾಗಿ ಹೇಳುವ ಯಾವುದೇ ಪರಿಕರದ ಮಾರಾಟಗಾರರಿಂದ ಇಂತಹ ಪರೀಕ್ಷೆಯ ವರದಿಯನ್ನು ಕೇಳುವ ಹಕ್ಕು ರೈತರಿಗಿದೆ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಗ್ರಾಮಮಟ್ಟದ ತರಬೇತಿಗಳಲ್ಲಿ ಈ ಪರೀಕ್ಷೆಯನ್ನು ಪ್ರಾತ್ಯಕ್ಷಿಕೆಯಾಗಿ ತೋರಿಸಬಹುದು. ಸೇರಿರುವ ರೈತರ ಹಳೆಯ ಟ್ರ್ಯಾಕ್ಟರೊಂದನ್ನು ಆಯ್ದು, ಶುಚಿಗೊಳಿಸುವ ಮೊದಲು ಮತ್ತು ನಂತರದ ವೋಲ್ಟೇಜ್ ಕುಸಿತವನ್ನು ಎಲ್ಲರೆದುರು ಅಳೆದು ಫಲಕದ ಮೇಲೆ ಬರೆಯುವುದು ಪರಿಣಾಮಕಾರಿ. ಕಿಟ್ ಕೊಂಡಿರುವ ರೈತರನ್ನು ಹೀಗಳೆಯದೆ, ಅವರ ವಾಹನದಲ್ಲಿಯೂ ಅಳತೆ ಮಾಡಿ ತೋರಿಸಿದರೆ ವಿಷಯ ತಾನಾಗಿಯೇ ಮನದಟ್ಟಾಗುತ್ತದೆ. ಅರಿಶಿನ ಕೊಯ್ಲಿನ ಒತ್ತಡ ಆರಂಭವಾಗುವ ಮೊದಲು, ಡಿಸೆಂಬರ್ ತಿಂಗಳಲ್ಲಿ ಇಂತಹ ತಪಾಸಣೆ ನಡೆಸುವುದು ಅನುಕೂಲ.

ಸಾರಾಂಶ

• ಸುಸ್ಥಿತಿಯ ಅರ್ತಿಂಗ್ ತಂತಿಗೆ ಬದಲಾಗಿ ದಪ್ಪ ತಂತಿ ಹಾಕಿದರೆ ಎಂಜಿನ್ನಿನ ಶಕ್ತಿ ಹೆಚ್ಚದು, ಡೀಸೆಲ್ ಉಳಿಯದು.
• ಕೆಟ್ಟ ಅರ್ತಿಂಗ್ ಸರಿಪಡಿಸುವುದು ಅತ್ಯಗತ್ಯ. ಹೆಚ್ಚಿನ ಸಂದರ್ಭಗಳಲ್ಲಿ ಉಪ್ಪುಕಾಗದ, ಅಡುಗೆ ಸೋಡ, ಸ್ಪ್ಯಾನರ್ ಮತ್ತು ಅರ್ಧ ಗಂಟೆಯ ಶ್ರಮ ಸಾಕು.
• ಸೆಲ್ಫ್ ಹೊಡೆಯುವಾಗ ಎಂಜಿನ್ ಮತ್ತ ಬ್ಯಾಟರಿಯ ನೆಗೆಟಿವ್ ಕಂಬದ ನಡುವೆ 0.2 ವೋಲ್ಟ್ ಮೀರದಿದ್ದರೆ ತಂತಿ ಬದಲಿಸಬೇಕಾಗಿಲ್ಲ.
• ವಿದ್ಯುನ್ಮಾನ ನಿಯಂತ್ರಣವಿರುವ ವಾಹನಗಳಿಗೆ ಅಧಿಕೃತ ಸೇವಾ ಕೇಂದ್ರದ ಸಲಹೆಯಿಲ್ಲದೆ ಹೊರಗಿನ ತಂತಿಗಳನ್ನು ಸೇರಿಸಬಾರದು.
• ಹೆಚ್ಚುವರಿ ತಂತಿಗೆ ಹಣ ವ್ಯಯಿಸುವುದಾದರೆ ಅದು ಮೊದಲು ಟ್ರೈಲರಿನ ಹಿಂದಿನ ದೀಪಗಳಿಗೆ ಸಲ್ಲಬೇಕು.

ಹೆಚ್ಚಿನ ಮಾಹಿತಿಗಾಗಿ ರೈತರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಚಾಮರಾಜನಗರ ತಾಲ್ಲೂಕು ಹರದನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.